ಶೆಡ್ಡಿನ ಹಿಂದೆ ಮೇಯುತ್ತಿದ್ದ ಹದಿನಾರು ಕುದುರೆಗಳು

ಅಜ್ಜಿ ಎಂಬತ್ತು ಎಂದಳು.

ಬಿಗಿ ನಂಬಲಿಲ್ಲ. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಮೂಗಿನ ಮೇಲೇರಿಸಿಕೊಂಡು ಪರದೆಯ ಹತ್ತಿರ ಬಗ್ಗಿದ. ಎಂಬತ್ತೇ.

ಅಜ್ಜಿ ಎಂದರೆ ಆ ಶೆಡ್ಡಿನ ಸ್ವಂತದ ಹಳೆಯ ಬೂದು ಕಾರು. ಬಣ್ಣ ನರೆತು, ದೀಪಗಳು ಪೊರೆ ಬಂದ ಕಣ್ಣಿನಂತಾಗಿದ್ದವು. ಎಲ್ಲಿಗೂ ಹೋಗದ, ಯಾರನ್ನೂ ಕೂರಿಸಿಕೊಳ್ಳದ ಆ ಕಾರಿಗೆ ಇದ್ದದ್ದು ಒಂದೇ ಕೆಲಸ. ಶೆಡ್ಡಿನ ನೆಲದೊಳಗೆ ಕೂರಿಸಿದ ಕಬ್ಬಿಣದ ರೋಲರ್‌ಗಳ ಮೇಲೆ ಕಾರಿನ ಚಕ್ರ ಓಡಿಸಿ ಅದರ ಶಕ್ತಿ ಎಷ್ಟು ಕುದುರೆಯದು ಎಂದು ಅಳೆಯುವ ಯಂತ್ರಕ್ಕೆ ಡೈನೋ ಎನ್ನುತ್ತಾರೆ. ಆ ಯಂತ್ರ ಸರಿಯಾಗಿ ಅಳೆಯುತ್ತಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಅಜ್ಜಿ ಬೇಕು. ತಕ್ಕಡಿಯ ಮೇಲೆ ಅನುಮಾನ ಬಂದಾಗ ಅಂಗಡಿಯವನು ಗೊತ್ತಿರುವ ತೂಕದ ಕಲ್ಲನ್ನು ಇಟ್ಟು ನೋಡುವುದಿಲ್ಲವೇ, ಹಾಗೆ. ಅಜ್ಜಿಯನ್ನು ರೋಲರ್ ಮೇಲೆ ಹತ್ತಿಸಿ, ಅಗಲದ ಪಟ್ಟಿಗಳಿಂದ ನೆಲದ ಕೊಂಡಿಗಳಿಗೆ ಕಟ್ಟಿ ಓಡಿಸಿದರೆ ಅವಳು ಎಪ್ಪತ್ತೆರಡು ಕುದುರೆ ಎನ್ನಬೇಕು. ಹೊಸ ರೋಲರ್ ಬಂದ ದಿನದಿಂದ ಅಂದದ್ದೂ ಅಷ್ಟೇ. ಒಂದು ಹೆಚ್ಚು ಅಂದವಳಲ್ಲ, ಒಂದು ಕಡಿಮೆ ಅಂದವಳಲ್ಲ.

ಅಂಥವಳು ಇವತ್ತು ಎಂಬತ್ತು ಎಂದಿದ್ದಳು.

"ಅಜ್ಜಿಗೇನು ಪ್ರಾಯ ಬಂತೇನ್ರೀ?" ಎಂದು ಹೆಂಡತಿ ನಕ್ಕಳು.

ಬಿಗಿ ನಗಲಿಲ್ಲ. "ನಗಬೇಡ ಕಣೇ. ಕಲ್ಲೇ ತೂಕ ಬದಲಾಯಿಸಿದ್ರೆ ಇಷ್ಟು ವರ್ಷ ತೂಗಿದ್ದೆಲ್ಲಾ ಏನಾಗ್ಬೇಕು?"

ಮತ್ತೆ ಓಡಿಸಿದ. ಮತ್ತೆ ಎಂಬತ್ತು. ಟೈರಿನ ಗಾಳಿ ನೋಡಿದ, ಸರಿ ಇತ್ತು. ಗೋಡೆಯಲ್ಲಿ ಶೆಡ್ಡಿನ ಬಿಸಿಯನ್ನು ಅಳೆಯುವ ಪುಟ್ಟ ಡಬ್ಬಿ ಇತ್ತು. ಅದು ಕೆಟ್ಟರೆ ಲೆಕ್ಕವೂ ಕೆಡುತ್ತದೆ. ಅದೂ ಸರಿ ಇತ್ತು. ನೀರು ಕುಡಿಯಲು ಎತ್ತಿದ ಲೋಟ ಅರ್ಧದಲ್ಲೇ ನಿಂತಿತು, ಏಕೆಂದರೆ ಅವನ ಬಲಗೈ ಈಚೆಗೆ ಸೊಂಟದ ಮೇಲಕ್ಕೆ ಏಳುತ್ತಿರಲಿಲ್ಲ. ಭುಜ ಹಿಡಿದುಕೊಂಡಿತ್ತು.

*

ಅವನಿಗೆ ಬಿಗಿ ಎಂದು ಹೆಸರಿಟ್ಟವನು ಹಳದಿ ಕಾರಿನ ಬಾಡಿಗೆ ಡ್ರೈವರ್ ಒಬ್ಬ. ತನ್ನ ಕಾರಿಗೆ ಪಟ್ಟಿ ಕಟ್ಟುವುದನ್ನು ನೋಡಿ, "ಅಲ್ಲಾ ಮಾರಾಯ, ನೀನು ಕಾರು ಕಟ್ತಾ ಇದೀಯೋ ಕಳ್ಳನ್ನ ಕಟ್ತಾ ಇದೀಯೋ?" ಎಂದಿದ್ದ. ಕೈಯಲ್ಲಿ ಎಳೆದದ್ದು ಸಾಲದು ಎಂದು ಬಿಗಿ ಪಟ್ಟಿ ಬಿಗಿಯುವ ಹಿಡಿಕೆಗೆ ಮಾರುದ್ದದ ಕಬ್ಬಿಣದ ಕೊಳವೆ ಸಿಕ್ಕಿಸಿ, ಅದರ ಮೇಲೆ ಮೈಭಾರ ಬಿಟ್ಟು ಜಗ್ಗುತ್ತಿದ್ದ. ಕಟ, ಕಟ, ಕಟ ಎಂದು ಹಿಡಿಕೆಯ ಹಲ್ಲು ಕಚ್ಚುವ ಸದ್ದು ಬೀದಿಯವರೆಗೆ ಕೇಳುತ್ತಿತ್ತು. ಕಾರಿನ ಹಿಂಭಾಗ ಬೆದರಿದ ನಾಯಿಯ ಹಾಗೆ ನೆಲಕ್ಕೆ ಕುಕ್ಕರಿಸಿದ ಮೇಲೆಯೇ ಅವನ ಮುಖ ಸಡಿಲವಾಗುತ್ತಿದ್ದದ್ದು.

ಅವನ ಅಳತೆಗೆ ಊರಲ್ಲಿ ಬಹಳ ಮರ್ಯಾದೆ. ಬೇರೆ ಶೆಡ್ಡಿನವರು ಗಿರಾಕಿಯ ಮನಸ್ಸು ತಣಿಯಲಿ ಎಂದು ಎರಡು ಕುದುರೆ ಹೆಚ್ಚಿಗೆ ಹೇಳುತ್ತಾರೆ, ಬಿಗಿಯ ರೋಲರ್ ಮುಖಸ್ತುತಿ ಮಾಡುವುದಿಲ್ಲ ಎಂಬ ಮಾತಿತ್ತು. "ಜಿಪುಣ ಇದ್ರೂ ಪರವಾಗಿಲ್ಲ, ಸುಳ್ಳನಲ್ಲ," ಎನ್ನುತ್ತಿದ್ದರು. ಕಡಿಮೆ ಹೇಳಿದವನೇ ನಿಜ ಹೇಳಿದವನು ಎಂದು ಜನ ನಂಬುತ್ತಾರೆ. ಅವನೂ ನಂಬಿದ್ದ.

ಈ ಕಸುಬಿಗೆ ಅವನನ್ನು ತಂದವನು ಅಣ್ಣ. ತಂದೆ ಬೇಗ ಹೋದರು. ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನೂ, ಕಿವಿ ಹಿಂಡಿ ಪಾನಾ ಹಿಡಿಯುವುದು ಕಲಿಸಿದವನೂ ಅಣ್ಣನೇ. ಅಣ್ಣ ಎಂಜಿನ್ ಕಟ್ಟುತ್ತಿದ್ದ. ಸತ್ತ ಎಂಜಿನ್ನನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಹರಡಿ, ಸವೆದದ್ದನ್ನು ತೆಗೆದು, ಹೊಸದನ್ನು ಕೂದಲೆಳೆಯ ಲೆಕ್ಕದಲ್ಲಿ ಉಜ್ಜಿ ಕೂರಿಸಿ, ಒಂದು ದಿನ ಕೀಲಿ ತಿರುಗಿಸಿದರೆ ಅದು ತೊಟ್ಟಿಲ ಮಗುವಿನ ಹಾಗೆ ಉಸಿರಾಡಬೇಕು. ಆ ಮೇಲೆ ಕಾರು ಪಕ್ಕದ ಶೆಡ್ಡಿಗೆ, ತಮ್ಮನ ರೋಲರಿಗೆ. "ಅಣ್ಣ ಹೆರ್ತಾನೆ, ತಮ್ಮ ತೂಗ್ತಾನೆ" ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ತೂಗುವುದೂ ಸುಲಭದ ಮಾತಲ್ಲ. ರೋಲರ್ ಅಳೆಯುವುದು ಚಕ್ರಕ್ಕೆ ಬಂದು ಮುಟ್ಟಿದ ಶಕ್ತಿಯನ್ನು. ಗಿರಾಕಿ ಕೇಳುವುದು ಎಂಜಿನ್ನಿನೊಳಗೆ ಹುಟ್ಟಿದ ಶಕ್ತಿಯನ್ನು. ಬಾವಿಯಲ್ಲಿ ಸೇದಿದ ನೀರನ್ನು ಕೊಡದಲ್ಲಿ ಹೊತ್ತು ತಂದರೆ ಮನೆ ಮುಟ್ಟುವಷ್ಟರಲ್ಲಿ ಒಂದಿಷ್ಟು ಚೆಲ್ಲಿ ಹೋಗುತ್ತದಲ್ಲ, ಹಾಗೆ ಗೇರ್ ಪೆಟ್ಟಿಗೆ, ಉದ್ದನೆಯ ದಂಡ, ಹಿಂದಿನ ಆಕ್ಸಲ್, ಟೈರು, ಇಷ್ಟನ್ನು ದಾಟಿ ಬರುವಷ್ಟರಲ್ಲಿ ನೂರರಲ್ಲಿ ಹದಿನೈದು ಪಾಲು ದಾರಿಗೆ ಹೋಗುತ್ತದೆ ಎಂದು ಕಸುಬಿನವರ ಅಂದಾಜು. ಎಂಬತ್ತೈದು ಬಂದು ಮುಟ್ಟಿದರೆ ನೂರು ಸೇದಿದ್ದರು ಎಂದು ತಿಳಿ. ಅಣ್ಣ ಹೇಳಿಕೊಟ್ಟದ್ದು ಹೀಗೆ. ತಮ್ಮ ಅದನ್ನು ಕಲ್ಲಿನ ಮೇಲಿನ ಬರಹದಂತೆ ಇಟ್ಟುಕೊಂಡಿದ್ದ.

ಆಗ ಅವನು ಬಿಗಿಯಾಗಿರಲಿಲ್ಲ. ಎಲ್ಲರ ಹಾಗೆ ಕೈಯಲ್ಲಿ ಎಳೆದು ಕಟ್ಟುತ್ತಿದ್ದ.

*

ಒಂದು ದಿನ ಪಟ್ಟಿ ಹರಿಯಿತು.

ಕಾರು ರೋಲರ್ ಮೇಲೆ ಪೂರ್ತಿ ವೇಗದಲ್ಲಿತ್ತು. ಎಂಜಿನ್ ಕಾಯದಿರಲಿ ಎಂದು ಮುಂದೆ ಇಟ್ಟಿದ್ದ ದೊಡ್ಡ ಫ್ಯಾನು ಸ್ವಲ್ಪ ಓರೆಯಾಗಿದೆ ಎಂದು ಅಣ್ಣ ಅದನ್ನು ಸರಿಸಲು ಕಾರಿನ ಎದುರಿಗೆ ಹೋದ. ಬಂದೂಕು ಹಾರಿದ ಹಾಗೆ ಒಂದು ಸದ್ದು. ಕಾರು ರೋಲರಿನಿಂದ ಜಿಗಿದು, ಫ್ಯಾನನ್ನು ನುಚ್ಚುನೂರು ಮಾಡಿ, ಗೋಡೆಗೆ ಗೇಣು ಬಾಕಿ ಇರುವಂತೆ ಬಂದು ನಿಂತಿತು. ಆಗ ಇದ್ದ ರೋಲರ್ ಜೋಡಿ ತನ್ನ ಜಾಗದಿಂದ ಕಿತ್ತು ಬಂದಿತ್ತು.

ತಮ್ಮ ಸ್ಟೀರಿಂಗ್ ಹಿಡಿದು ಕಲ್ಲಾಗಿ ಕೂತಿದ್ದ. ಗಾಜಿನಾಚೆ ಗೋಡೆ ಕಾಣುತ್ತಿತ್ತು. ಅಣ್ಣ ಕಾಣುತ್ತಿರಲಿಲ್ಲ.

ಆಮೇಲೆ ಪಕ್ಕದ ಟೈರಿನ ರಾಶಿಯಿಂದ ಒಂದು ತಲೆ ಮೇಲೆದ್ದಿತು. ಕೈಜಾರಿದ ಪಾನಾ ಎತ್ತಿಕೊಳ್ಳಲು ಅದೇ ಗಳಿಗೆಗೆ ಬದಿಗೆ ಬಗ್ಗಿದ್ದನಂತೆ. "ಹೋಯ್ತಲ್ಲೋ ನನ್ನ ಹೊಸ ಫ್ಯಾನು!" ಎಂದು ಅಣ್ಣ ಗಹಗಹಿಸಿ ನಕ್ಕ. ಸಂಜೆಯ ಹೊತ್ತಿಗೆ ಬೀದಿಯವರಿಗೆಲ್ಲ ನಟಿಸಿ ತೋರಿಸುತ್ತಿದ್ದ. ವಾರ ಕಳೆಯುವಷ್ಟರಲ್ಲಿ ಮರೆತೇ ಬಿಟ್ಟ.

ತಮ್ಮ ಮರೆಯಲಿಲ್ಲ. ಕಣ್ಣು ಮುಚ್ಚಿದರೆ ಗಾಜಿನಾಚೆಯ ಬರೀ ಗೋಡೆ ಕಾಣುತ್ತಿತ್ತು. ಅವನ ಹೆಂಡತಿ ಶೆಡ್ಡಿನ ಮುಂದಿನ ಕೋಣೆಯಲ್ಲಿ ಕಾರಿನ ಸೀಟಿಗೆ ಹೊದಿಕೆ ಹೊಲಿಯುವವಳು. ಹರಿದ ಪಟ್ಟಿಯನ್ನು ಬೆಳಕಿಗೆ ಹಿಡಿದು, "ನೋಡಿ, ಹೊಲಿಗೆ ಬಿಸಿಲಿಗೆ ಸುಟ್ಟು ಪುಡಿಪುಡಿ ಆಗಿದೆ. ಹಳೇ ಪಟ್ಟಿ ಹರೀತು, ಸಡಿಲ ಇದ್ದು ಬಿಚ್ಚಿಕೊಂಡಿದ್ದಲ್ಲ," ಎಂದು ಹೇಳಿದಳು. ಅವನ ಕಿವಿಗೆ ಬಿದ್ದರೂ ಎದೆಗೆ ಇಳಿಯಲಿಲ್ಲ. ಹೊಸ ಪಟ್ಟಿ ತಂದ, ಎರಡರ ಜಾಗದಲ್ಲಿ ನಾಲ್ಕು ಹಾಕಿದ, ಕೊಳವೆ ತಂದ. ಫ್ಯಾನಿನ ಮುಂದೆ ನೆಲದ ಮೇಲೆ ಕೆಂಪು ಗೆರೆ ಎಳೆದು, ಕಾರು ಓಡುವಾಗ ಅದನ್ನು ಯಾರೂ ದಾಟಕೂಡದು ಎಂದ. ಹೊಸ ರೋಲರ್ ಜೋಡಿ ಬಂತು. ಮೊದಲಿನದಕ್ಕಿಂತ ಸಣ್ಣವು, ಒಂದರ ಪಕ್ಕ ಒಂದು ಒತ್ತೊತ್ತಾಗಿ ಕೂತು ಟೈರನ್ನು ನಡುವೆ ಹಿಡಿದುಕೊಳ್ಳುವಂಥವು. ಅಜ್ಜಿಯನ್ನು ಹತ್ತಿಸಿ ಓಡಿಸಿದ. ಮೊದಲಿಗಿಂತ ಕಡಿಮೆ, ಎಪ್ಪತ್ತೆರಡು. ಹೊಸ ರೋಲರ್, ಹೊಸ ಲೆಕ್ಕ ಎಂದುಕೊಂಡ. ಅಂದಿನಿಂದ ಅದೇ ಅಳತೆಗಲ್ಲಾಯಿತು.

ಅದಾದ ಸ್ವಲ್ಪ ದಿನಕ್ಕೆ ಅಣ್ಣ ತನ್ನ ಹಸಿರು ಕಾರು ತಂದ. ಬೇರೆಯವರಿಗೆಲ್ಲ ಕಟ್ಟಿಕೊಟ್ಟು ಕೊಟ್ಟು, ಕೊನೆಗೊಮ್ಮೆ ತನಗಾಗಿ ಕಟ್ಟಿಕೊಂಡ ಎಂಜಿನ್ ಅದರಲ್ಲಿತ್ತು. ಕಾರಿಗೆ ಕೂರಿಸುವ ಮುಂಚೆ, ಬರೀ ಎಂಜಿನ್ನನ್ನೇ ನಿಲ್ಲಿಸಿ ಅಳೆಯುವ ಸ್ಟ್ಯಾಂಡು ಇರುವ ಸ್ನೇಹಿತನಲ್ಲಿಗೆ ಹೊತ್ತುಕೊಂಡು ಹೋಗಿ ಓಡಿಸಿ ನೋಡಿದ್ದ. ನೂರ ನಲವತ್ತು ಕುದುರೆ. ತಮ್ಮನ ಬಾಯಿಂದಲೂ ಅದನ್ನೇ ಕೇಳಬೇಕು ಎಂದು ಹಿಗ್ಗಿ ಬಂದಿದ್ದ.

ತಮ್ಮ ಕೊಳವೆ ಹಾಕಿ ಜಗ್ಗಿ ಕಟ್ಟಿದ. ಅಣ್ಣ ಅತ್ತ ನೋಡಲೂ ಇಲ್ಲ, ಅವನ ಕಣ್ಣು ಕಿವಿ ಎಲ್ಲಾ ಬಾನೆಟ್ಟಿನ ಕೆಳಗೆ. ಕಾರು ಓಡಿತು. ಚಕ್ರಕ್ಕೆ ಬಂದು ಮುಟ್ಟಿದ್ದು ನೂರ ಐದು. ದಾರಿಗೆ ಹೋದದ್ದನ್ನು ಕೂಡಿಸಿದರೆ ನೂರ ಇಪ್ಪತ್ನಾಲ್ಕು.

"ಇನ್ನೊಂದ್ಸಲ ಓಡ್ಸು," ಎಂದ ಅಣ್ಣ.

ಇನ್ನೊಂದು ಸಲವೂ ಅಷ್ಟೇ.

"ನೂರ ನಲವತ್ತಿತ್ತಲ್ಲೋ. ಹದಿನಾರು ಕುದುರೆ ಎಲ್ಲೋ? ನಿನ್ನ ಶೆಡ್ಡಿನ ಹಿಂದೆ ಮೇಯ್ತಾ ಇದಾವಾ?"

"ರೋಲರ್ ಹೇಳಿದ್ದು ನಾನು ಹೇಳಿದೆ ಅಣ್ಣಾ. ಆ ಸ್ಟ್ಯಾಂಡೇ ಸುಳ್ಳು ಹೇಳಿರ್ಬೇಕು."

"ಸ್ಟ್ಯಾಂಡ್ ಸುಳ್ಳೋ, ನನ್ನ ಕೈ ಸುಳ್ಳೋ? ನೇರವಾಗಿ ಹೇಳಿಬಿಡು."

ತಮ್ಮ, "ಕೈಗೂ ವಯಸ್ಸಾಗತ್ತೆ ಅಣ್ಣಾ," ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣ ಬಾಯಿಗೆ ಬಂದ ಹಾಗೆ ಬೈದ. ಶೆಡ್ಡಿನ ತಗಡು ಅದುರುವಂತೆ ಬಾನೆಟ್ ಬಡಿದ. ಕಾರು ತೆಗೆದುಕೊಂಡು ಹೋದವನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಪಕ್ಕದಲ್ಲಿದ್ದ ಅಣ್ಣನ ಶೆಡ್ಡಿನ ಬಾಗಿಲಿಗೆ ಬೀಗ ಬಿತ್ತು, ಬೀಗದ ಕೈ ತಮ್ಮನ ಹತ್ತಿರವೇ ಉಳಿಯಿತು. ಅಣ್ಣ ಬಸ್ಸು ನಿಲ್ಲುವ ಡಿಪೋದಲ್ಲಿ ಟೈರಿಗೆ ಗಾಳಿ ಹಾಕುವ ಕೆಲಸಕ್ಕೆ ಸೇರಿದನಂತೆ ಎಂದು ಯಾರೋ ಹೇಳಿದಾಗ ತಮ್ಮ, "ಸಿಟ್ಟು ಮೂಗಿನ ಮೇಲೆ. ಇಳಿದ ಮೇಲೆ ಬರ್ತಾನೆ ಬಿಡಿ," ಎಂದ. ಸಿಟ್ಟು ಇಳಿಯಲು ಎಷ್ಟು ಕಾಲ ಬೇಕೋ ಅದಕ್ಕಿಂತ ಹೆಚ್ಚೇ ಕಳೆಯಿತು. ಅಣ್ಣ ಬರಲಿಲ್ಲ.

*

ಈಗ, ಅಜ್ಜಿ ಎಂಬತ್ತು ಎಂದ ಬೆಳಿಗ್ಗೆ, ಬಿಗಿ ರೋಲರ್ ಪಕ್ಕದ ಸ್ಟೂಲಿನ ಮೇಲೆ ಕುಸಿದಿದ್ದ.

"ಒಂದೊಂದಾಗಿ ನೋಡೋಣ," ಎಂದಳು ಹೆಂಡತಿ. "ಪೆಟ್ರೋಲು ಅದೇ. ಕಾರು ಅದೇ. ಓಡಿಸಿದೋರು ನೀವೇ. ಬೇರೆ ಏನಿದೆ ಇವತ್ತು?"

"ಏನೂ ಇಲ್ಲ."

"ಇದೆ. ಕಟ್ಟಿದ್ದು ನಾನು."

ಭುಜ ಹಿಡಿದುಕೊಂಡ ಗಂಡನಿಗೆ ಪಟ್ಟಿ ಎಳೆಯಲಾಗದೆ ಅಂದು ಅವಳೇ ಎಳೆದಿದ್ದಳು.

ಬಿಗಿ ತಟ್ಟನೆ ತಲೆ ಎತ್ತಿದ. "ಕೊಳವೆ ಹಾಕಿದ್ಯಾ?"

"ಅದ್ಯಾಕೆ? ನನ್ನ ಕೈಯಲ್ಲಿ ಆಗೋಷ್ಟು ಎಳೆದೆ. ಕಾರು ಅಲುಗಾಡಲಿಲ್ಲ, ಸಾಕು ಅಂತ ಬಿಟ್ಟೆ. ಪಟ್ಟಿ ಹೊಲಿಗೆಯೆಲ್ಲಾ ನೋಡಿದೀನಿ, ಗಟ್ಟಿ ಇದೆ."

ಅವನ ಕಣ್ಣು ಗೋಡೆಗೆ ಒರಗಿಸಿದ್ದ ಕೊಳವೆಯ ಕಡೆ ಹೋಯಿತು. ಪಟ್ಟಿ ಬಿಗಿದರೆ ಅಳತೆಯಲ್ಲಿ ಒಂದಿಷ್ಟು ವ್ಯತ್ಯಾಸ ಬರುತ್ತದೆ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಚಿಟಿಕೆ ಉಪ್ಪಿನಷ್ಟು ಎಂದುಕೊಂಡಿದ್ದ.

"ಕೊಳವೆ ಹಾಕು," ಎಂದ. "ಅದರ ಮೇಲೆ ಹತ್ತಿ ನಿಂತ್ಕೋ."

ಕಟ, ಕಟ, ಕಟ. ಅಜ್ಜಿಯ ಬೆನ್ನು ಬಗ್ಗಿತು. ಟೈರಿನ ಪಕ್ಕೆಗಳು ಎರಡು ರೋಲರುಗಳ ನಡುವೆ ಉಬ್ಬಿ ಹೊರಬಂದವು. ಬಿಗಿ ಕೂತು ಓಡಿಸಿದ. ಅಷ್ಟು ವರ್ಷ ದಿನಾ ಕೇಳಿ ಕೇಳಿ ಕಿವಿಗೆ ಬೀಳದಂತಾಗಿದ್ದ ಒಂದು ಸದ್ದು ಈಗ ಕೇಳಿಸಿತು. ಎಂಜಿನ್ನಿನದಲ್ಲ. ಟೈರು ನರಳುವ ಸದ್ದು. ಕ್ಲಚ್ ಒತ್ತಿ ಚಕ್ರವನ್ನು ಅದರ ಪಾಡಿಗೆ ಬಿಟ್ಟರೆ, ಕೈಯಲ್ಲಿ ಕಟ್ಟಿದ್ದಾಗ ಎಷ್ಟೋ ಹೊತ್ತು ಗುಂಯ್ಯೆಂದು ತಾನೇ ಉರುಳುತ್ತಿದ್ದ ರೋಲರ್ ಈಗ ಕುತ್ತಿಗೆ ಹಿಸುಕಿದಂತೆ ಬೇಗ ನಿಂತುಹೋಯಿತು.

ಪರದೆಯಲ್ಲಿ ಎಪ್ಪತ್ತೆರಡು. ರೋಲರ್ ಮುಟ್ಟಬೇಕಾದ ಎಂಟು ಕುದುರೆಗಳನ್ನು ಹಿಸುಕಿದ ಟೈರೇ ತಿಂದಿತ್ತು.

"ಬಟ್ಟೆ ತೀರಾ ಎಳೆದು ಹೊಲಿದ್ರೆ ಕೂತ್ಕೊಳ್ಳೋನ ಭಾರಕ್ಕಿಂತ ಮುಂಚೆ ಹೊಲಿಗೆ ಎಳೆತಕ್ಕೇ ಹರಿಯತ್ತೆ," ಎಂದು ಹೆಂಡತಿ ತನ್ನಷ್ಟಕ್ಕೆ ಎಂಬಂತೆ ಹೇಳಿದಳು. ಆಮೇಲೆ ಗಂಡನ ಮುಖ ನೋಡಿ ಹೆದರಿದಳು. "ರೀ? ಯಾಕ್ರೀ? ಎದೆ ನೋವಾ?"

"ಅಣ್ಣನ ಕಾರು," ಎಂದ ಬಿಗಿ.

ನೀರು ದಾರಿಯಲ್ಲಿ ಚೆಲ್ಲಿದ್ದಲ್ಲ. ಹೊತ್ತು ತರುವವನ ಕತ್ತು ಒತ್ತಿ ಒತ್ತಿ ಚೆಲ್ಲಿಸಿದವನು ತಾನು. ಚೆಲ್ಲಿಸಿ, ಬಾವಿಯಲ್ಲೇ ನೀರಿರಲಿಲ್ಲ ಎಂದವನೂ ತಾನು.

*

ಅಣ್ಣನ ಮನೆ ನಾಲ್ಕು ಬೀದಿಗಳ ಆಚೆ, ಮಹಡಿಯ ಕೆಳಗಿನ ಎರಡು ಕೋಣೆ. ಬಾಗಿಲು ತೆರೆದದ್ದು ಅತ್ತಿಗೆ. ಅವಳ ಕೈಯಲ್ಲಿ ಒರೆಸುವ ಬಟ್ಟೆ ಇತ್ತು.

"ಏನಪ್ಪಾ ಮೈದುನ, ಮನೆ ತಪ್ಪಿ ಬಂದ್ಯಾ?"

"ಅಣ್ಣ ಇದಾನಾ ಅತ್ತಿಗೆ?"

"ಸ್ನಾನಕ್ಕೆ ಹೋಗಿದಾರೆ. ಕೂತ್ಕೋ. ಬಾಗಿಲಲ್ಲಿ ನಿಂತು ಮಾತಾಡೋಕೆ ನೀನೇನು ಸಾಮಾನು ಮಾರೋನಾ?"

ಅವನು ಕೂತ. ಕಿಟಕಿಯಾಚೆ ಸಣ್ಣ ಅಂಗಳದಲ್ಲಿ ಬಟ್ಟೆ ಮುಚ್ಚಿದ ಕಾರಿನ ಆಕಾರ ಕಾಣುತ್ತಿತ್ತು. ಬಟ್ಟೆಯ ಹರಕಿನಲ್ಲಿ ಹಸಿರು ಇಣುಕುತ್ತಿತ್ತು.

"ಅದು ಓಡತ್ತಾ ಅತ್ತಿಗೆ?"

"ಓಡದೆ ಏನು? ನೀನು ಅವತ್ತು ಅಂದ ಮೇಲೆ ಆ ಎಂಜಿನ್ನನ್ನ ಎಷ್ಟು ಸಲ ಬಿಚ್ಚಿ ಎಷ್ಟು ಸಲ ಕಟ್ಟಿದ್ರೋ. ತಪ್ಪು ಎಲ್ಲಿ ಎಲ್ಲಿ ಅಂತ. ಊಟದ ತಟ್ಟೆ ಮುಂದೆ ಕೂತ್ರೂ ಬೆರಳಲ್ಲಿ ಏನೋ ಅಳೀತಾ ಇರ್ತಿದ್ರು. ಏನೂ ಸಿಗಲಿಲ್ಲ. ಕೊನೆಗೆ ಮುಚ್ಚಿಟ್ರು. ಭಾನುವಾರ ಒಂದ್ಸಲ ಚಾಲೂ ಮಾಡಿ ಕೇಳಿ ಬರ್ತಾರೆ, ಅಷ್ಟೇ."

"ಸಿಟ್ಟು ಇನ್ನೂ ಇದೆಯಾ?"

ಅತ್ತಿಗೆ ಅವನನ್ನು ವಿಚಿತ್ರವಾಗಿ ನೋಡಿದಳು. "ಯಾರ ಮೇಲೆ?"

"ನನ್ನ ಮೇಲೆ."

"ಅಯ್ಯೋ ದಡ್ಡ. ನಿನ್ನೆದುರಿಗೆ ಬೈದ್ರು, ನಿಜ. ಮನೆಗೆ ಬಂದು ಇದೇ ಕುರ್ಚಿ ಮೇಲೆ ಕೂತು ಏನಂದ್ರು ಗೊತ್ತಾ? 'ಅವನು ಸುಳ್ಳು ಹೇಳಲ್ಲ ಕಣೇ. ಊರಲ್ಲಿ ಯಾರಿಗೂ ಮುಖಸ್ತುತಿ ಮಾಡದೋನು ನನಗೆ ಮಾಡ್ತಾನಾ? ನನ್ನ ಕೈಯೇ ಹೋಗಿದೆ.' ಆಮೇಲೆ ಗಿರಾಕಿಗಳ ಒಂದು ಎಂಜಿನ್ ಮುಟ್ಟಿದ್ರೆ ಕೇಳು. ಮುಟ್ಟಿ ಬೇರೆಯವರದ್ದು ಕೆಡಿಸಲ್ಲ ಅಂತ ಗಾಳಿ ಹಾಕೋಕೆ ಹೋದ್ರು."

ಅಣ್ಣ ಸಿಟ್ಟಿನಿಂದ ದೂರವಾದ ಎಂದುಕೊಂಡೇ ಬಿಗಿ ಇಷ್ಟು ಕಾಲ ಬದುಕಿದ್ದ. ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು! ಅಣ್ಣ ನಂಬಿದ್ದ. ತನ್ನ ಕೈಯನ್ನು ಬಿಟ್ಟು ತಮ್ಮನ ಮಾತನ್ನು ನಂಬಿದ್ದ.

ತಲೆ ಒರೆಸಿಕೊಳ್ಳುತ್ತಾ ಅಣ್ಣ ಬಂದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಮ್ಮನನ್ನು ಕಂಡು ಬಾಗಿಲಲ್ಲೇ ನಿಂತ. "ಭುಜಕ್ಕೇನಾಗಿದೆಯೋ?" ಎಂದದ್ದೇ ಮೊದಲ ಮಾತು.

ಬಿಗಿ ತೊದಲುತ್ತಾ ಎಲ್ಲ ಹೇಳಿದ. ಅಜ್ಜಿ, ಎಂಬತ್ತು, ಪಟ್ಟಿ, ಕೊಳವೆ. ಅಣ್ಣ ಕೊನೆಯವರೆಗೂ ಕೇಳಿದ. ಅವನ ಮುಖದಲ್ಲಿ ಏನೂ ಅರಳಲಿಲ್ಲ.

"ಸಾಕು ಬಿಡೋ," ಎಂದ ಮೆಲ್ಲಗೆ. "ವಯಸ್ಸಾದೋನಿಗೆ ಸಮಾಧಾನ ಮಾಡೋಕೆ ಕುದುರೆ ಹಂಚೋಕೆ ಬಂದ್ಯಾ? ಪಟ್ಟಿ ಅಷ್ಟೊಂದು ತಿನ್ನಲ್ಲ. ನಾನೇ ನಿನಗೆ ಕಲಿಸಿದ್ದು."

"ಬಂದು ನೋಡು ಅಣ್ಣಾ."

"ಬೇಡ."

ಅತ್ತಿಗೆ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಎಸೆದಳು. "ಹದಿನಾರು ಕುದುರೆ ಹೆಸರು ಹೇಳಿ ನನ್ನ ಅರ್ಧ ಆಯಸ್ಸು ತಿಂದ್ರಿ ಅಣ್ಣತಮ್ಮ ಸೇರ್ಕೊಂಡು. ಅವು ಕಪ್ಪೋ ಬಿಳಿಯೋ ನಾನೇ ನೋಡ್ತೀನಿ. ಏಳಿ, ಕಾರು ತೆಗೀರಿ."

*

ಹಸಿರು ಕಾರು ರೋಲರ್ ಏರಿತು. ಪಟ್ಟಿ ಕಟ್ಟಿದ್ದು ಬಿಗಿಯ ಹೆಂಡತಿ, ಬರೀ ಕೈಯಲ್ಲಿ, ಒಂದೊಂದು ಹೊಲಿಗೆಯನ್ನೂ ಉಗುರಿನಿಂದ ಕೆರೆದು ನೋಡಿ. ಬಿಗಿ ಅವಳ ಬೆನ್ನ ಹಿಂದೆ ನಿಂತು, "ಇನ್ನೊಂದು ಹಲ್ಲು, ಇನ್ನೊಂದೇ ಒಂದು," ಎನ್ನುತ್ತಿದ್ದ. "ನೀವು ಆಚೆ ಹೋಗ್ತೀರಾ, ನಿಮ್ಮನ್ನೂ ಸೇರಿಸಿ ಕಟ್ಟಲಾ?" ಎಂದಾಗ ಸುಮ್ಮನಾದ. ಅಣ್ಣ ಫ್ಯಾನಿನ ಕಡೆಗೆ ಒಂದು ಹೆಜ್ಜೆ ಇಟ್ಟದ್ದೇ ತಡ, "ಗೆರೆ ದಾಟಬೇಡ!" ಎಂದು ಬಿಗಿ ಚೀರಿದ. ಎಲ್ಲರೂ ಬೆಚ್ಚಿದರು. ಅಣ್ಣ ಕೆಳಗೆ ನೋಡಿ, ಕೆಂಪು ಗೆರೆಯಿಂದ ಕಾಲು ಹಿಂದಕ್ಕೆ ತೆಗೆದುಕೊಂಡ.

ಬಿಗಿ ಒಳಗೆ ಕೂತು ಓಡಿಸಿದ. ಎಂಜಿನ್ ಒಮ್ಮೆ ಗದರಿ, ಆಮೇಲೆ ಒಂದೇ ಉಸಿರಿನಲ್ಲಿ ಮೇಲೇರಿತು. ಚಕ್ರಕ್ಕೆ ಬಂದು ಮುಟ್ಟಿದ್ದು ನೂರ ಹದಿನೆಂಟು. ಕೂಡಿಸಿದರೆ ನೂರ ಮೂವತ್ತೊಂಬತ್ತು.

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಣ್ಣ ಪರದೆಯನ್ನು ನೋಡಿದ, ತಮ್ಮನನ್ನು ನೋಡಿದ, ಮತ್ತೆ ಪರದೆಯನ್ನು ನೋಡಿದ.

"ಗೋಡೆ ಡಬ್ಬಿಯೊಳಗೆ ಏನು ತಿರುಚಿದ್ಯೋ?"

"ಅಣ್ಣಾ, ನಿನ್ನಾಣೆ..."

"ಆಣೆ ಬೇಡ. ಹೆಚ್ಚಿಗೆ ತೋರಿಸೋದು ಎಲ್ಲಾ ಶೆಡ್ಡಿನೋರಿಗೂ ಬರತ್ತೆ. ಅವತ್ತಿನ ನೂರ ಐದು ತೋರಿಸು. ಅವತ್ತು ಹೇಗೆ ಕಟ್ಟಿದ್ಯೋ ಹಾಗೆ ಕಟ್ಟು, ಏನೂ ಮುಟ್ಟದೆ. ಅದು ಬಂದ್ರೆ ನಂಬ್ತೀನಿ."

"ನನಗೆ ಎಳೆಯೋಕಾಗಲ್ಲ."

"ನಾನು ಎಳೀತೀನಿ. ನೀನು ಹೇಳು."

ಅಣ್ಣ ಕೊಳವೆ ತೆಗೆದುಕೊಂಡು ಹಿಡಿಕೆಗೆ ಸಿಕ್ಕಿಸಿದ. ಎಳೆದ. ಕಟ, ಕಟ. ಬಸ್ಸಿನ ಟೈರು ಎತ್ತಿ ಎತ್ತಿ ಗಟ್ಟಿಯಾದ ತೋಳು ಅದು. "ಸಾಕಾ?"

"ಇನ್ನೂ."

ಕಟ, ಕಟ. "ಈಗ?"

"ಇನ್ನೂ."

"ಇನ್ನೂನಾ!" ಅಣ್ಣನ ಕತ್ತಿನ ನರಗಳು ಉಬ್ಬಿದವು. ಕಾರಿನ ಹಿಂಭಾಗ ನರಳಿ ತಗ್ಗಿತು. ನಾಲ್ಕು ಪಟ್ಟಿಗಳು ತಂತಿಯಂತೆ ಸೆಟೆದವು. ಬೆರಳು ತಾಗಿಸಿದರೆ ಮಿಡಿಯುತ್ತಿದ್ದವು. "ಈಗಂತೂ ಸಾಕು ಕಣೋ, ನೆಲ ಕಿತ್ತು ಬರತ್ತೆ!"

"ಮೈಭಾರ ಬಿಡು ಅಣ್ಣಾ. ನಾನು ಪೂರ್ತಿ ಭಾರ ಬಿಡ್ತಿದ್ದೆ."

ಅಣ್ಣ ಮೈಭಾರ ಬಿಟ್ಟ. ಕಟ. ಇನ್ನೊಂದು ಸಲ. ಕಟ. ಹಿಂದಿನ ಮಡ್‌ಗಾರ್ಡು ಟೈರನ್ನು ಮುಟ್ಟುವಷ್ಟು ಕೆಳಗಿಳಿದಿತ್ತು. ಅಣ್ಣ ಕೊಳವೆಯಿಂದ ಕೈ ಬಿಟ್ಟು ಏದುಸಿರು ಬಿಡುತ್ತಾ ನಿಂತ. ಕಾರನ್ನು ಹೀಗೆ ಕಟ್ಟಬಹುದೆಂದು ಅವನು ಊಹಿಸಿಯೂ ಇರಲಿಲ್ಲ ಎಂಬುದು ಅವನ ಮುಖದಲ್ಲೇ ಇತ್ತು.

"ಎಲ್ಲಾ ಕಾರನ್ನೂ ಹೀಗೇನಾ?"

"ಎಲ್ಲಾನೂ."

"ಯಾವಾಗಿನಿಂದ?"

ಬಿಗಿಯ ಕಣ್ಣು ತಾನಾಗಿ ಕೆಂಪು ಗೆರೆಯ ಆಚೆಗೆ, ಫ್ಯಾನಿನ ಹಿಂದಿನ ಗೋಡೆಗೆ ಹೋಯಿತು. ಅಣ್ಣನ ಕಣ್ಣೂ ಅಲ್ಲಿಗೇ ಹೋಯಿತು. ತಾನು ನಕ್ಕು ಮರೆತಿದ್ದ ಜಾಗ ಅದು. ಗಾರೆಯಲ್ಲಿ ಫ್ಯಾನಿನ ರೆಕ್ಕೆ ಕಚ್ಚಿದ ಗಾಯ ಇನ್ನೂ ಹಾಗೇ ಇತ್ತು, ಸರಿಯಾಗಿ ಒಬ್ಬ ಮನುಷ್ಯನ ಎದೆಯ ಎತ್ತರಕ್ಕೆ. ಅಣ್ಣ ಅದನ್ನು ಅಷ್ಟು ಸರಿಯಾಗಿ ನೋಡಿದ್ದು ಅಂದೇ. ಇಷ್ಟು ತಡವಾಗಿ ಅವನಿಗೆ ಆ ದಿನದ ಭಯ ಮುಟ್ಟಿತು. ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟ.

"ಅವತ್ತಿನಿಂದಾನಾ?" ಎಂದ.

ಬಿಗಿ ತಲೆಯಾಡಿಸಿದ.

ಕೊನೆಗೆ ಅತ್ತಿಗೆಯೇ, "ಓಡಿಸಿ, ನೋಡೇ ಬಿಡೋಣ," ಎಂದಳು. ಬಿಗಿ ಓಡಿಸಿದ. ಟೈರು ನರಳಿತು. ಪರದೆ ತೋರಿಸಿತು: ನೂರ ಐದು.

ಅಣ್ಣ ಎದ್ದು ಬಂದು ಸೆಟೆದ ಪಟ್ಟಿಯ ಮೇಲೆ ಅಂಗೈ ಇಟ್ಟ. ಕುದುರೆಯ ಕತ್ತು ಸವರಿದ ಹಾಗೆ ಒಂದು ಸಲ ಸವರಿದ.

"ಊರೆಲ್ಲಾ ಹುಡುಕಿದೆನಲ್ಲೋ," ಎಂದ. "ಇಲ್ಲೇ ಕಟ್ಟಿ ಹಾಕಿದ್ಯಾ?"

ಬಿಗಿ ನೋವಿಲ್ಲದ ಎಡಗೈಯಿಂದ ಪಟ್ಟಿಯ ಹಿಡಿಕೆ ಬಿಚ್ಚಲು ಬಗ್ಗಿದ. ಅಣ್ಣ ಅವನ ಕೈಯನ್ನು ತಳ್ಳಿ ತಾನೇ ಬಿಚ್ಚಿದ. ಒಂದೊಂದು ಪಟ್ಟಿ ಬಿಟ್ಟಾಗಲೂ ಕಾರು ನಿಟ್ಟುಸಿರಿಟ್ಟು ಮೇಲೆದ್ದಿತು.

ಸ್ವಲ್ಪ ಹೊತ್ತಿನ ಮೇಲೆ, ಹೆಂಗಸರಿಬ್ಬರೂ ಮುಂದಿನ ಕೋಣೆಯಲ್ಲಿ ಟೀ ಸೋಸುತ್ತಿದ್ದಾಗ, ಶೆಡ್ಡಿನ ಮೂಲೆಯಿಂದ ಅಜ್ಜಿ ಚಾಲೂ ಆದ ಸದ್ದು ಬಂತು. ಬಿಗಿ ಓಡಿ ಬಂದು ನೋಡಿದರೆ ಅಣ್ಣ ಅವಳ ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಂತಿದ್ದ.

"ಎರಡನೇ ವಾಲ್ವು ಸರಿಯಾಗಿ ಕೂರ್ತಿಲ್ಲ," ಎಂದ ಕಣ್ಣು ತೆರೆಯದೆ. "ನಾಳೆ ಇವಳನ್ನ ಬಿಚ್ತೀನಿ. ಪಕ್ಕದ ಶೆಡ್ಡಿನ ಬೀಗದ ಕೈ ನಿನ್ನ ಹತ್ರಾನೇ ಇದೆಯಾ?"

ಸಂತೋಷಪಡಬೇಕೋ ತಡೆಯಬೇಕೋ ತಿಳಿಯದೆ ಬಿಗಿ, "ಅಯ್ಯೋ ಅಣ್ಣಾ, ಅಜ್ಜಿನ ಮುಟ್ಟಬೇಡ! ಅವಳು ನನ್ನ ಅಳತೆಗಲ್ಲು!" ಎಂದ.

"ಇವಳ ಮಾತು ಕೇಳಿಯೇ ನಾವಿಬ್ಬರೂ ಈ ಗತಿಗೆ ಬಂದಿದ್ದು. ಪಾನಾ ಕೊಡು ಇತ್ತ."

ಬಿಗಿ ಪಾನಾ ತರಲು ಹೋದ. ಹೋಗುವಾಗ ಗೋಡೆಗೆ ಒರಗಿಸಿದ್ದ ಕೊಳವೆ ಕಾಲಿಗೆ ತಾಗಿ ಠಣ್ಣೆಂದು ನೆಲಕ್ಕೆ ಬಿತ್ತು. ಆ ಸದ್ದಿಗೆ ಅವನು ಬೆಚ್ಚಿ ತಿರುಗಿ, ಅಣ್ಣ ನಿಂತಲ್ಲೇ ಇದ್ದಾನೆಯೇ ಎಂದು ನೋಡಿದ. ಇದ್ದ.